ಮೈನಸ್ 130ರಲ್ಲಿ ಮೂರು ನಿಮಿಷ

ಬೆಂಗಳೂರಿನ ಡಿಸೆಂಬರ್‌ನಲ್ಲಿ 16 ಡಿಗ್ರಿ ಆದರೆ ಸಾಕು, ಅಮ್ಮ ನನಗೆ ಮಂಕಿ ಕ್ಯಾಪ್ ಹಾಕಿಸುತ್ತಾಳೆ. ನನಗೀಗ 43. ಇಂಥ ಮನೆಯಲ್ಲಿ ಬೆಳೆದವನು ಕೈಯಾರೆ ದುಡ್ಡು ಕೊಟ್ಟು ಮೈನಸ್ 130 ಡಿಗ್ರಿಯಲ್ಲಿ ನಿಂತು ಬಂದೆ.

ಕಾರಣ ಮೊಣಕಾಲು. ಹುಮ್ಮಸ್ಸಿನಲ್ಲಿ 10 ಕಿ.ಮೀ. ಓಡಿದ್ದೆ. ಮೂರು ವಾರ ಕಳೆದರೂ ಮೆಟ್ಟಿಲು ಹತ್ತುವಾಗ 'ಅಮ್ಮಾ' ಅನ್ನೋದು ನಿಂತಿರಲಿಲ್ಲ. ಆಫೀಸಿನ ಹುಡುಗರು "ಕ್ರಯೋಥೆರಪಿ ಮಾಡಿಸಿ ಸರ್" ಅಂದರು. ಅಂದರೆ ಕೊರೆಯುವ ಚಳಿಯಲ್ಲಿ ಕೆಲವೇ ನಿಮಿಷ ಮೈಯೊಡ್ಡಿ ನಿಲ್ಲುವ ಚಿಕಿತ್ಸೆ. ಸಂಧಿವಾತದ ನೋವಿಗೆಂದು 1978ರಲ್ಲಿ ಜಪಾನಿನ ವೈದ್ಯರೊಬ್ಬರು ಶುರು ಮಾಡಿದ್ದಂತೆ. ಜಪಾನ್ ಅಂದಮೇಲೆ ನಾನು ಇನ್ನೇನೂ ಕೇಳಲಿಲ್ಲ.

ಕೋರಮಂಗಲದ ಕ್ರಯೋಥೆರಪಿ ಸ್ಟುಡಿಯೋದ ಹುಡುಗ ಬಿಪಿ ನೋಡಿದ. ಆಮೇಲೆ ಮೂಗು ಅರಳಿಸಿದ. "ಸರ್, ಎಣ್ಣೆ ಏನಾದ್ರೂ ಹಚ್ಕೊಂಡಿದೀರಾ?"

ಬೆಳಗ್ಗೆ ಅಮ್ಮ ಎರಡೂ ಮಂಡಿಗೆ ನೋವಿನ ಎಣ್ಣೆ ತಿಕ್ಕಿದ್ದಳು. ಎಣ್ಣೆ ಇರಕೂಡದು, ತೊಳೆಯಿರಿ ಎಂದ. ತೊಳೆದು ಬಂದೆ. ಒದ್ದೆಯೂ ಇರಕೂಡದು, ಒರೆಸಿ ಎಂದ. ಒರೆಸಿದೆ. ಮೈಮೇಲೆ ಲೋಹ ಇದೆಯಾ ಎಂದ. ಉಂಗುರ, ವಾಚು ತೆಗೆದೆ. ಆಗ ನೆನಪಾಯಿತು, ಬೆಳ್ಳಿ ಉಡಿದಾರ!

ಅದು ಮದುವೆಗೆ ಮುಂಚಿನ ಅಳತೆಯದು. ಹೊಟ್ಟೆ ಬೆಳೆಯಿತು, ಅದು ಬೆಳೆಯಲಿಲ್ಲ. ಬಟ್ಟೆ ಬದಲಿಸುವ ಕೋಣೆಯಲ್ಲಿ ಉಸಿರು ಬಿಗಿಹಿಡಿದು ಹತ್ತು ನಿಮಿಷ ಹೋರಾಡಿ ಕೊಂಡಿ ಬಿಚ್ಚಿದೆ. ಹೊರಗೆ ಬಂದರೆ ಮೈಯೆಲ್ಲ ಬೆವರು. ಬೆವರೂ ಇರಕೂಡದಂತೆ! 2011ರಲ್ಲಿ ಅಮೆರಿಕದ ಓಟಗಾರ ಜಸ್ಟಿನ್ ಗ್ಯಾಟ್ಲಿನ್ ಬೆವರಿನ ಸಾಕ್ಸ್ ಹಾಕಿಕೊಂಡೇ ಇಂಥ ಚಳಿ ಯಂತ್ರದೊಳಗೆ ಹೋಗಿ ಪಾದ ಗಾಯ ಮಾಡಿಕೊಂಡಿದ್ದ. ಒಣಗಾಳಿ ಎಷ್ಟೇ ತಣ್ಣಗಿದ್ದರೂ ಮೈಯ ಬಿಸಿಯನ್ನು ನಿಧಾನವಾಗಿ ಎಳೆಯುತ್ತದೆ, ನೀರು ಹಾಗಲ್ಲ. ಕಾವಲಿ ಮೇಲಿನ ಬಿಸಿಗಾಳಿಗೆ ಕೈ ಒಡ್ಡೋದಕ್ಕೂ ಕಾವಲಿಯನ್ನೇ ಮುಟ್ಟೋದಕ್ಕೂ ಇರುವಷ್ಟು ವ್ಯತ್ಯಾಸ. ಮತ್ತೆ ಒರೆಸಿಕೊಂಡೆ.

ಚಡ್ಡಿ, ಉಣ್ಣೆಯ ಸಾಕ್ಸ್, ಕೈಗವಸು. ಇಷ್ಟೇ ನನ್ನ ರಕ್ಷಾಕವಚ. ನೆಟ್ಟಗೆ ನಿಲ್ಲಿಸಿದ ಡ್ರಮ್ಮಿನಂಥ ಯಂತ್ರದೊಳಗೆ ನಿಂತೆ. ತಲೆ ಮಾತ್ರ ಹೊರಗೆ, ಏಕೆಂದರೆ ಒಳಗೆ ಬರೋದು ನೈಟ್ರೋಜನ್, ಆಮ್ಲಜನಕವಿಲ್ಲದೆ ಬರೀ ಅದನ್ನೇ ಉಸಿರಾಡಿದರೆ ಕಥೆ ಮುಗಿದಂತೆ. ಬುಸ್ ಎಂದು ಬಿಳಿ ಹೊಗೆ ಎದ್ದಿತು. ಪೌರಾಣಿಕ ನಾಟಕದಲ್ಲಿ ಪ್ರತ್ಯಕ್ಷನಾಗುವ ದೇವರ ಹಾಗೆ ಕಂಡಿರಬೇಕು, ಚಡ್ಡಿ ಕಾಣದಿದ್ದದ್ದು ಪುಣ್ಯ.

ಅಂಟಾರ್ಟಿಕಾದ ವೊಸ್ತೋಕ್‌ನಲ್ಲಿ 1983ರಲ್ಲಿ ದಾಖಲಾದ, ಭೂಮಿಯ ಮೇಲೆ ಅಳೆದ ಅತಿ ಹೆಚ್ಚಿನ ಚಳಿಯೇ ಮೈನಸ್ 89.2. ನನ್ನ ಮಂಡಿ ಅದಕ್ಕೂ ಆಚೆ, ಮೂತಿ ಕೋರಮಂಗಲದಲ್ಲಿ. "ಯಾವ ಹಾಡು ಹಾಕ್ಲಿ ಸರ್?" ಎಂದ ಹುಡುಗ. "ಯಾ... ಯಾ... ಯಾವ್ದಾದ್ರೂ" ಎನ್ನುವಷ್ಟರಲ್ಲಿ ಒಂದು ನಿಮಿಷ ಕಳೆದಿತ್ತು. ಎರಡನೆಯ ನಿಮಿಷದಲ್ಲಿ ತೊಡೆಗೆ ಸೂಜಿ ಚುಚ್ಚಿದ ಹಾಗೆ. ಮೂರನೆಯದರಲ್ಲಿ ಅಮ್ಮನ ಮಂಕಿ ಕ್ಯಾಪ್ ಕಣ್ಣಮುಂದೆ ಬಂತು.

ಹೊರಗೆ ಬಂದಾಗ ಮಂಡಿ ನೋವು ಇರಲಿಲ್ಲ. ಮಂಡಿಯೇ ಇದ್ದ ಹಾಗಿರಲಿಲ್ಲ. ಪಕ್ಕದ ದರ್ಶಿನಿಯಲ್ಲಿ ಎರಡು ಕಾಫಿ ಕುಡಿಯುತ್ತಾ ಮೊಬೈಲ್ ನೋಡಿದರೆ, ಇದರಿಂದ ಲಾಭ ಅನ್ನೋದಕ್ಕೆ ಸಾಕಷ್ಟು ಪುರಾವೆ ಇಲ್ಲವೆಂದು ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲೇ ಹೇಳಿಬಿಟ್ಟಿದೆ. ದುಡ್ಡು ಕೊಡೋ ಮುಂಚೆ ಓದಬೇಕಿತ್ತು, ಅಲ್ವಾ? ಸಂಜೆ ಹೊತ್ತಿಗೆ ನೋವು ಮನೆಗೆ ವಾಪಸ್.

ಅದರ ಹಿಂದೆಯೇ ಸ್ಟುಡಿಯೋದಿಂದ ಫೋನ್. ಕೈಯಲ್ಲಿ ಅಮ್ಮನ ಎಣ್ಣೆಯಿತ್ತು, ಹೆಂಡತಿಯೇ ಎತ್ತಿ ಸ್ಪೀಕರ್‌ಗೆ ಹಾಕಿದಳು.

"ಸರ್, ಲಾಕರ್‌ನಲ್ಲಿ ನಿಮ್ಮ ಜೊತೆಗಿದ್ದ ಮೇಡಂದು ಬೆಳ್ಳಿ ನೆಕ್ಲೇಸ್ ಉಳಿದಿದೆ ಅನ್ಸುತ್ತೆ..."

ಮೈನಸ್ 130ರಲ್ಲೂ ನಾನು ಅಷ್ಟು ನಡುಗಿರಲಿಲ್ಲ.