ಸಭೆ ಎಷ್ಟು ಗಂಟೆಗೆ?

2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಮಾತೃಪೂರ್ಣ ಯೋಜನೆ ಶುರುವಾಯಿತು. ಗರ್ಭಿಣಿಯರೂ ಬಾಣಂತಿಯರೂ ಅಂಗನವಾಡಿಗೇ ಬಂದು ಬಿಸಿಯೂಟ ಮಾಡಬೇಕೆಂಬುದು ಅದರ ನಿಯಮವಾಗಿತ್ತು. ಉದ್ದೇಶದಲ್ಲಿ ಹುಳುಕಿಲ್ಲ, ಮನೆಗೆ ಕೊಟ್ಟ ಧಾನ್ಯ ಮನೆಮಂದಿಗೆಲ್ಲ ಹಂಚಿಹೋಗುತ್ತದೆ. ಆದರೆ ಮನೆಗೆ ಮನೆ ತಾಗಿಕೊಂಡಿರುವ ಬಯಲುಸೀಮೆಯ ಊರನ್ನೇ ಕಣ್ಣಮುಂದಿಟ್ಟುಕೊಂಡು ಬರೆದಂತಿತ್ತು. ಶಿರಸಿ, ಸಿದ್ದಾಪುರದ ಕಡೆ ಊರೆಂದರೆ ಗುಡ್ಡಕ್ಕೊಂದು ಮನೆ, ಕಣಿವೆಗೊಂದು ತೋಟ. ಏಳು ತಿಂಗಳ ಬಸುರಿ ಒಂದು ಊಟಕ್ಕಾಗಿ ದಿನವೂ ಗುಡ್ಡ ಇಳಿದು ಹತ್ತಬೇಕೇ? ಬಾಣಂತಿಯನ್ನು ಹೊಸ್ತಿಲು ದಾಟಲು ಬಿಡದ ಅಜ್ಜಿಯರ ಮಾತಂತೂ ಬೇರೆಯೇ. ಇದನ್ನು ತಿಳಿಯಲು ತಜ್ಞರ ಸಮಿತಿ ಬೇಕಿರಲಿಲ್ಲ. ಇಲ್ಲಿನ ಯಾವುದಾದರೊಬ್ಬ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದ್ದರೆ ಸಾಕಿತ್ತು.

ಕೇಳುವುದಕ್ಕೆ ಏರ್ಪಾಡುಗಳಿಲ್ಲವೆಂದಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆಯಡಿ ಗ್ರಾಮ ಸಭೆ, ವಾರ್ಡ್ ಸಭೆಗಳಿವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಅಂಗನವಾಡಿಗೆ ಬಾಲವಿಕಾಸ ಸಮಿತಿಯಿದೆ. ಮಕ್ಕಳಿಗಾಗಿಯೇ ಮಕ್ಕಳ ಗ್ರಾಮ ಸಭೆಯಿದೆ. ಕಾಗದದ ಮೇಲೆ ನಮ್ಮಷ್ಟು ಶ್ರೀಮಂತರು ಯಾರಿದ್ದಾರೆ!

ನಾನು ಕುಳಿತಿದ್ದ ಒಂದು ಮಕ್ಕಳ ಗ್ರಾಮ ಸಭೆಯಲ್ಲಿ ಸ್ವಾಗತ, ಹಾರ, ಅತಿಥಿಗಳ ಹಿತವಚನ ಮುಗಿಯುವಷ್ಟರಲ್ಲಿ ಬಿಸಿಯೂಟದ ಹೊತ್ತು ಹತ್ತಿರವಾಗಿತ್ತು. ಉಳಿದ ಚೂರು ಸಮಯದಲ್ಲಿ ಐದನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. ತಮ್ಮ ಹಳ್ಳ ದಾಟುವ ಕಿರುಸೇತುವೆಗೆ, ಅಂದರೆ ಕಾಲುಸಂಕಕ್ಕೆ, ಹಿಡಿದುಕೊಳ್ಳಲೆಂದು ಕಟ್ಟಿದ ಗಳ ದೊಡ್ಡವರ ಎದೆಯ ಎತ್ತರಕ್ಕಿದೆ, ಒಂದನೆಯ ತರಗತಿಯ ತಮ್ಮನ ಕೈಗೆ ಎಟಕುವುದಿಲ್ಲ, ಕೆಳಗೆ ಇನ್ನೊಂದು ಗಳ ಕಟ್ಟಿಸಿಕೊಡಿ ಎಂದಳು. ಎಂಥ ಖಚಿತವಾದ ಬೇಡಿಕೆ! ಅಡಿಕೆ ಮರದ ಒಂದು ದಬ್ಬೆ, ಒಬ್ಬಾಳಿನ ಅರ್ಧ ದಿನದ ಕೆಲಸ. ನಡಾವಳಿ ಪುಸ್ತಕದಲ್ಲಿ ದಾಖಲಾದದ್ದು ಮಾತ್ರ ‘ಸೇತುವೆಗೆ ಬೇಡಿಕೆ’ ಎಂದು. ಸೇತುವೆಗೆ ಅಂದಾಜುಪಟ್ಟಿ ಬೇಕು, ಅನುದಾನ ಬೇಕು, ಶಾಸಕರ ಪತ್ರ ಬೇಕು. ಗಳಕ್ಕೆ ಏನೂ ಬೇಕಿರಲಿಲ್ಲ. ಮಳೆಗಾಲದಲ್ಲಿ ಸಂಕ ದಾಟುವುದು ಮಲೆನಾಡಿನ ಮಕ್ಕಳ ನಿತ್ಯದ ಪಾಡು ಎಂದು ಸರ್ಕಾರಕ್ಕೂ ಗೊತ್ತು. ಶಾಲಾ ಸಂಪರ್ಕ ಸೇತು ಎಂಬ ಯೋಜನೆ ಬಂದದ್ದೇ ಅದಕ್ಕಾಗಿ. ಆದರೆ ಯಾವ ಹಳ್ಳ ಮೊದಲು ಎಂಬುದನ್ನು ದಿನವೂ ದಾಟುವವರೇ ಹೇಳಬೇಕು.

‘ಸಭೆ ಕರೆದರೆ ಜನರೇ ಬರುವುದಿಲ್ಲ’ ಎನ್ನುವ ಮಾತನ್ನು ಅಧಿಕಾರಿಗಳಿಂದಲೂ ಸದಸ್ಯರಿಂದಲೂ ಕೇಳಿ ಕೇಳಿ ಸಾಕಾಗಿದೆ. ಬೆಳಿಗ್ಗೆ ಹನ್ನೊಂದಕ್ಕೆ ಕರೆದರೆ ಯಾರು ಬರಬೇಕು? ಪಂಚಾಯಿತಿಯ ಮುಂದಿನ ವರ್ಷದ ಯೋಜನೆ ತಯಾರಿ ಶುರುವಾಗುವುದು ಅಕ್ಟೋಬರ್‌ನಲ್ಲಿ; ಅದು ಮುಗಿಯುವ ಮೊದಲೇ ಘಟ್ಟದ ಮೇಲೆ ಅಡಿಕೆ ಕೊಯ್ಲು ಬರುತ್ತದೆ, ಹೆಂಗಸರು ರಾತ್ರಿಯವರೆಗೂ ಅಡಿಕೆ ಸುಲಿಯುತ್ತಾರೆ. ಕಾರವಾರ, ಅಂಕೋಲೆಯ ಕಡಲ ಬದಿಯಲ್ಲಿ ಮೀನು ಮಾರುವ ತಾಯಿ ಬೆಳಕು ಹರಿಯುವ ಮೊದಲೇ ಬುಟ್ಟಿ ಹೊತ್ತು ಹೊರಟಿರುತ್ತಾಳೆ. ಅವಳ ಮಗುವನ್ನು ಅಂಗನವಾಡಿ ತೆರೆಯುವವರೆಗೆ ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಯಾವ ಸಭೆಯ ವಿಷಯಪಟ್ಟಿಯಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆದದ್ದು ಒಳ್ಳೆಯ ಕೆಲಸ. ಅದರ ಬಾಗಿಲು ಯಾವ ಹೊತ್ತಿಗೆ ತೆರೆಯಬೇಕೆಂದು ಈ ಹೆಂಗಸರನ್ನೂ ಒಂದು ಮಾತು ಕೇಳಬಾರದೇ?

ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ನಿಷೇಧವಿರುವುದರಿಂದ ಯಾಂತ್ರಿಕ ದೋಣಿಗಳು ದಡದಲ್ಲೇ ಇರುತ್ತವೆ. ಕರಾವಳಿಯ ವಾರ್ಡ್ ಸಭೆಯನ್ನು ಆಗ ಇಡಿ. ಸಂಜೆ ಇಡಿ, ಪಂಚಾಯಿತಿ ಕಟ್ಟಡದಲ್ಲಲ್ಲ, ಕೇರಿಯ ಅಂಗನವಾಡಿಯಲ್ಲಿ. ಮೊದಲು ಹಿಂದಿನ ವರ್ಷದ ಬೇಡಿಕೆಗಳನ್ನು ಓದಿ, ಯಾವುದು ಆಯಿತು, ಯಾವುದು ಏಕೆ ಆಗಲಿಲ್ಲ ಎಂದು ಹೇಳಿ. ಹಾರ, ಶಾಲುಗಳಿಗೆ ಸಮಯ ಉಳಿದರೆ ಆಮೇಲೆ ನೋಡೋಣ.