ತಾಟಿನಾಗ ಕಂಡ ಬನಿಯನ್

ಪಂಚಮಿಗೆ ನಾಲ್ಕು ದಿನ ಇರುವಾಗ ನನ್ನ ಹೆಂಡತಿ, ಈ ಸಲ ವಾಟ್ಸಾಪಿನಲ್ಲಿ ಉಂಡಿ ಆರ್ಡರ್ ತಗೊಳ್ಳೋಣ ಅಂದಳು. ಶೇಂಗಾ, ಎಳ್ಳು, ರವೆ, ಬೇಸನ್, ಚುರುಮುರಿ. ಕಟ್ಟುವುದು ಆಕೆ, ರುಚಿ ನೋಡಿ 'ಯಾಲಕ್ಕಿ ಕಡಿಮಿ ಆತು' ಅನ್ನುವುದು ನಮ್ಮವ್ವ, ಫೋಟೋ ಹೊಡೆಯುವುದು ನಾನು. ಹಗುರ ಕೆಲಸ ನನ್ನ ಪಾಲಿಗೆ ಬಂತೆಂದು ಒಳಗೊಳಗೇ ಹಿಗ್ಗಿದೆ.

ಮೊದಲ ಫೋಟೋ ರಾತ್ರಿ ಟ್ಯೂಬ್‌ಲೈಟಿನ ಕೆಳಗೆ, ಫ್ಲ್ಯಾಶ್ ಹಾಕಿ ಹೊಡೆದೆ. ಕಳ್ಳನ ಮುಖಕ್ಕೆ ಬ್ಯಾಟರಿ ಬಿಟ್ಟಂತೆ ಬೇಸನ್ ಉಂಡಿಯ ನೆತ್ತಿ ಬೆಳ್ಳಗೆ, ಉಳಿದದ್ದೆಲ್ಲ ಹಳದಿ. ಅವ್ವ ಕನ್ನಡಕ ಏರಿಸಿ ನೋಡಿ, 'ಯಾಕೋ ತಮ್ಮಾ, ಉಂಡಿಗೆ ಕಾಮಾಲಿ ಆಗೇತೇನ?' ಅಂದಳು.

ಮರುದಿನ ಬೆಳಗ್ಗೆ ಕಿಟಕಿ ಪಕ್ಕ ಮಂಚದ ಮೇಲೆ ಅಂಗಡಿ ಹಚ್ಚಿದೆ. ಟ್ಯೂಬ್‌ಲೈಟ್ ಆರಿಸಿದೆ, ಯಾಕೆಂದರೆ ಎರಡು ಥರದ ಬೆಳಕು ಕೂಡಿದರೆ ಫೋನಿಗೆ ಯಾವುದು ಬಿಳಿ ಅಂತಲೇ ತಿಳಿಯುವುದಿಲ್ಲ. ಶ್ರಾವಣದ ಮೋಡ ಬಿಸಿಲನ್ನು ಸೋಸಿ ಕೊಡುತ್ತಿತ್ತು. ಕಿಟಕಿಯ ಎದುರು ಬದಿಗೆ ಬಿಳಿ ಡ್ರಾಯಿಂಗ್ ಹಾಳೆ ನಿಲ್ಲಿಸಿದರೆ ಉಂಡಿಯ ನೆರಳಿನ ಮಗ್ಗುಲಿಗೂ ಬೆಳಕು ಬೀಳುತ್ತದೆ. ಬಿತ್ತು ಕೂಡ. ಆದರೆ ಕೊಪ್ಪಳದ ಶ್ರಾವಣದ ಗಾಳಿ ನಿಮಗೆ ಗೊತ್ತಲ್ಲ. ಹಾಳೆ ಅಡುಗೆಮನೆಗೆ ಹಾರಿತು, ಎರಡು ಎಳ್ಳುಂಡಿ ಮಂಚದ ಕೆಳಗೆ ಉರುಳಿದವು. ನಾನು ಅಂಬೆಗಾಲಲ್ಲಿ ಅವುಗಳ ಹಿಂದೆ.

ರವೆ ಉಂಡಿ ಇನ್ನೊಂದು ತಲೆನೋವು. ಎದುರಿಗೆ ಹಾಲಿನಂತೆ ಬಿಳಿ, ಫೋನಿನಲ್ಲಿ ಬೂದಿ. ನನ್ನ ಹೆಂಡತಿ ಇಣುಕಿ ನೋಡಿ, 'ರೀ, ಇವು ತಿನ್ನಾಕೋ, ಹಣಿಗೆ ಹಚ್ಚಿಕೊಳ್ಳಾಕೋ?' ಅಂದಳು. ನಿಜವಾಗಿಯೂ ವಿಭೂತಿ ಉಂಡಿಗಳೇ. ಕ್ಯಾಮೆರಾಕ್ಕೆ ಎಲ್ಲವನ್ನೂ ನಡುಮಟ್ಟದ ಬೆಳಕಿಗೆ ಎಳೆಯುವ ಚಟ, ಹಾಗಾಗಿ ಬಿಳಿಯದನ್ನೂ ಮಬ್ಬು ಮಾಡಿಬಿಡುತ್ತದೆ. ತೆರೆಯ ಮೇಲೆ ಉಂಡಿಯನ್ನು ಒತ್ತಿ, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಬೆರಳಿಂದ ಮೇಲಕ್ಕೆ ಜಾರಿಸಬೇಕು. ಇದು ನನಗೆ ಹೊಳೆದದ್ದು 22 ಫೋಟೋ ಹೊಡೆದ ಮೇಲೆ. ಆಮೇಲೂ ಮಂಜು ಮಂಜು. ಬೇಸನ್ ಉಂಡಿ ಮುರಿದ ತುಪ್ಪದ ಬೆರಳು ಲೆನ್ಸಿನ ಮೇಲೆ ಆಡಿತ್ತು.

ಚೆಂದ ಕಾಣಲೆಂದು ಹಿಂದೆ ಕಿನ್ನಾಳದ ಗೊಂಬೆ ಇಟ್ಟೆ. ಅದರ ಕೆಂಪು, ಹಳದಿ ಎಷ್ಟು ಢಾಳವೆಂದರೆ ಫೋಟೋ ನೋಡಿದವರು ಕೇಳಿದ್ದು ಗೊಂಬೆಯ ರೇಟು. ಗೊಂಬೆ ಶೋಕೇಸಿಗೆ ವಾಪಸ್ ಹೋಯಿತು.

'ದೇವರಿಗೆ ಎಡಿ ಆಗೂದಕಿಂತ ಮೊದ್ಲ ಮೊಬೈಲಿಗೆ ಎಡಿ ಹಿಡ್ಯಾಕತ್ತಾನ' ಅಂತ ಅವ್ವ ಗೊಣಗುತ್ತಿದ್ದಂತೆಯೇ ಕೊನೆಗೂ ಒಂದು ಒಳ್ಳೆಯ ಫೋಟೋ ಬಂತು. ತಿಕ್ಕಿ ಫಳಫಳ ಹೊಳೆಸಿದ ಸ್ಟೀಲ್ ತಾಟಿನಲ್ಲಿ ಐದು ಶೇಂಗಾ ಉಂಡಿ. ಮುಂದಿನದನ್ನು ಮುರಿದಿಟ್ಟಿದ್ದೆ, ಶೇಂಗಾದ ಚೂರು, ಬೆಲ್ಲದ ಎಳೆ ಎಣಿಸುವಷ್ಟು ಸ್ಪಷ್ಟ. ಸ್ಟೇಟಸ್‌ಗೆ ಹಾಕಿದೆ. ಅರ್ಧ ತಾಸಿನಲ್ಲಿ ಹದಿನಾಲ್ಕು ಮೆಸೇಜು! ಆರ್ಡರ್ ಮಾತ್ರ ಒಂದೂ ಇಲ್ಲ, ಬರೀ ನಗು. ನಾದಿನಿ ಬರೆದಿದ್ದಳು: 'ಮಾವಾರ, ಬನಿಯನ್ ತೂತು ಬಿದ್ದೈತ್ರಿ.'

ದೊಡ್ಡದು ಮಾಡಿ ನೋಡಿದೆ. ತಾಟಿನ ಅಂಚಿನಲ್ಲಿ ನಾನು. ಲುಂಗಿ ಎತ್ತಿ ಕಟ್ಟಿದ್ದೇನೆ, ನಾಲಿಗೆ ಕಚ್ಚಿದ್ದೇನೆ, ಎಡ ಬಗಲಿನ ತೂತೂ ಬಿಟ್ಟುಹೋಗಿಲ್ಲ.

ಅಂಗಿ ತೊಟ್ಟು ಬಂದು, ಮುಖ ತೋರಿಸದ ಹಳೇ ಬೀಸುಕಲ್ಲಿನ ಮೇಲೆ ಉಂಡಿ ಜೋಡಿಸಲು ಕೂತೆ. ಅಷ್ಟರಲ್ಲಿ ಮುರಿದಿಟ್ಟದ್ದನ್ನು ಮಗ ಮುಗಿಸಿದ್ದ. ಉಳಿದದ್ದು ನಾಲ್ಕು. ಫೋಟೋದಲ್ಲಿ ಮೂರೋ ಐದೋ ಇದ್ದರೆ ಚೆಂದ, ನಾಲ್ಕಿದ್ದರೆ ಪಂಕ್ತಿಗೆ ಕೂತಂತೆ ಕಾಣುತ್ತವೆ. ಕಲೆಯ ಸಲುವಾಗಿ ಒಂದನ್ನು ತಿಂದೆ.

ಸಂಜೆ ಹೆಂಡತಿ ಡಬ್ಬಿ ಎಣಿಸಿದಳು. 'ಹನ್ನೊಂದು ಕಡಿಮಿ ಅದಾವು. ಲೆಕ್ಕ ಹೇಳ್ರಿ.'

'ಮೂರು ಮಗ ತಿಂದ, ಎರಡು ಗಾಳಿಗೆ ಹೋದವು...'

'ಉಳಿದ ಆರು?'

ಅವ್ವ ಹೊರಗಿನಿಂದಲೇ ಕೂಗಿದಳು: 'ಒಂದು ನಂದು. ಯಾಲಕ್ಕಿ ನೋಡಬೇಕಿತ್ತು.'