ಕೆತೀಟರಿನ ಬಾಯಿಯ ಬಗ್ಗೆಯೂ ಬರೆಯಿರಿ

ಕೆತೀಟರ್, ಅಂದರೆ ಔಷಧಿ ಕೊಡಲು ರಕ್ತನಾಳದೊಳಗೆ ಇಡುವ ತೆಳು ಕೊಳವೆ (ನಾವು ಲೈನ್ ಅನ್ನುವುದು), ಅದರಿಂದ ಬರುವ ಸೋಂಕಿನ ಬಗ್ಗೆ ನಿಮ್ಮ ಲೇಖನ ಓದಿದೆ. ಚರ್ಮದ ಬ್ಯಾಕ್ಟೀರಿಯಾ ಸೂಜಿ ಚುಚ್ಚಿದ ಜಾಗದಿಂದ ಒಳಗೆ ಹೋಗಿ ಕೆತೀಟರಿಗೆ ಅಂಟಿಕೊಳ್ಳುತ್ತದೆ ಅಂತ ಅದರಲ್ಲಿದೆ. ಸರಿ, ಆದರೆ ಅದೊಂದೇ ದಾರಿಯಲ್ಲ. ನಾನು ಐಸಿಯು ನರ್ಸ್. ಕೆತೀಟರಿನ ಹೊರತುದಿಯಲ್ಲಿ ಸಿರಿಂಜ್ ಜೋಡಿಸುವ ಬಾಯಿ, ಹಬ್ ಅಂತೀವಲ್ವಾ, ಲೈನ್ ಜಾಸ್ತಿ ದಿನ ಇದ್ದಾಗ ಅಲ್ಲಿಂದಲೇ ಒಳನುಗ್ಗುವುದು ಹೆಚ್ಚು.

ಒಬ್ಬ ಅಜ್ಜನಿಗೆ ಲೈನ್ ಫ್ಲಶ್ ಮಾಡಿದ (ಸಿರಿಂಜಿನಿಂದ ದ್ರವ ಹಾಯಿಸಿ ಕೊಳವೆ ತೊಳೆದ) ಅರ್ಧ ಗಂಟೆಗೆ ಹಲ್ಲು ಕಟಕಟ ಅನ್ನುವಷ್ಟು ಚಳಿ ಬಂತು. ಡ್ರೆಸಿಂಗ್ ಬಿಚ್ಚಿ ನೋಡಿದರೆ ಚರ್ಮ ಕೆಂಪಾಗಿರಲೂ ಇಲ್ಲ, ಕೀವೂ ಇಲ್ಲ. ಕೊಳವೆಯ ಒಳಗೋಡೆಯಲ್ಲಿ ಕೂತಿದ್ದ ಬ್ಯಾಕ್ಟೀರಿಯಾ ಫ್ಲಶ್ ಜೊತೆ ರಕ್ತಕ್ಕೆ ಹೋಗಿತ್ತು. ಆ ನಡುಕ ಇನ್ನೂ ಕಣ್ಣ ಮುಂದಿದೆ.

ಕೆತೀಟರ್ ಒಳಗೆ ಹೋದ ಸ್ವಲ್ಪ ಹೊತ್ತಿಗೇ ಫೈಬ್ರಿನೋಜನ್‌ನಂಥ ರಕ್ತದ ಪ್ರೋಟೀನು ಅದರ ಮೈಗೆ ಮೆತ್ತಿಕೊಳ್ಳುತ್ತದೆ. ಬ್ಯಾಕ್ಟೀರಿಯಾಗಳಿಗೆ ಅದೇ ಹಿಡಿ. ನಮ್ಮ ಚರ್ಮದ ಮೇಲೆ ಸುಮ್ನೆ ಇರುವ ಸ್ಟೆಫೈಲೋಕಾಕಸ್ ಎಪಿಡರ್ಮಿಡಿಸ್ ಇದರಲ್ಲಿ ಭಾರೀ ಪಳಗಿದ್ದು. ಕೂತ ಮೇಲೆ ಲೋಳೆಯ ಹೊದಿಕೆ ಹೊದ್ದು ಪದರ ಪದರವಾಗಿ ಬೆಳೆಯುತ್ತದೆ. ಅದೇ ಬಯೋಫಿಲ್ಮ್. ಅದರ ಆಳದಲ್ಲಿರುವವು ಹೆಚ್ಚುಕಡಿಮೆ ನಿದ್ದೆಯಲ್ಲಿರುತ್ತವೆ. ಬೆಳೆಯುತ್ತಿರುವ ಬ್ಯಾಕ್ಟೀರಿಯಾವನ್ನು ಹೊಡೆಯುವ ಆಂಟಿಬಯೋಟಿಕ್ ಅವುಗಳಿಗೆ ಸರಿಯಾಗಿ ನಾಟುವುದಿಲ್ಲ. ಜ್ವರ ಇಳಿಯುತ್ತದೆ, ಔಷಧಿ ನಿಲ್ಲಿಸಿದರೆ ಮತ್ತೆ ಬರುತ್ತದೆ. ಎಷ್ಟೋ ಸಲ ಲೈನ್ ತೆಗೆಯದೆ ಬೇರೆ ದಾರಿಯೇ ಇರುವುದಿಲ್ಲ.

ಹಾಗಾಗಿ ಪ್ರತಿ ಸಲ ಹಬ್ಬನ್ನು ಆಲ್ಕೋಹಾಲ್ ಸ್ವ್ಯಾಬಿನಿಂದ ಗಟ್ಟಿಯಾಗಿ ಉಜ್ಜಿ, ಒಣಗಲು ಬಿಡಬೇಕು. ಅವಸರದಲ್ಲಿ ಒಮ್ಮೆ ಸವರಿ ಬಿಡುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ರೋಗಿಯ ಕಡೆಯವರು "ಈ ಲೈನ್ ಇನ್ನೂ ಬೇಕಾ ಸಿಸ್ಟರ್?" ಅಂತ ದಿನಾ ಕೇಳಿ. ನಾವು ಬೇಜಾರು ಮಾಡಿಕೊಳ್ಳುವುದಿಲ್ಲ.